ಗುದ್ದಿದ್ದು, ಮುಳುಗಿದ್ದು, ನಿಂತುಹೋದದ್ದು: ರಿಪೇರಿ ಮಾಡಿಸಲು ಯಾವ ಎಸ್‌ಯುವಿ ತೆಗೆಯಬಹುದು?

ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ ಭಾವ ಫೋನ್ ಮಾಡಿದರು. "ಮೂರು ಗಾಡಿ ನೋಡಿಟ್ಟಿದ್ದೇನೆ ಭಾವ. ಮೂರಕ್ಕೂ ಸ್ವಲ್ಪ ಕೆಲಸ ಉಂಟು. ಒಮ್ಮೆ ಬಂದು ನೋಡ್ತೀರಾ?"

'ಸ್ವಲ್ಪ ಕೆಲಸ' ಎಂಬುದು ಬ್ರೋಕರ್‌ಗಳ ಮಾತು. ಬಾಗಿಲಿನ ಹಿಡಿ ಬದಲಿಸುವುದೂ ಸ್ವಲ್ಪ ಕೆಲಸ, ಎಂಜಿನ್ ಇಳಿಸುವುದೂ ಸ್ವಲ್ಪ ಕೆಲಸ. ಹೋಗಿ ನೋಡಿದೆ. ಒಂದು ಮುಂದಿನಿಂದ ಗುದ್ದಿದ ಸ್ಕಾರ್ಪಿಯೋ, ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಒಂದು ಅಂಗಳದಲ್ಲಿತ್ತು. ಎರಡನೆಯದು ಕೇರಳದ ದಕ್ಷಿಣದ ಕಡೆಯಿಂದ ಬಂದ ಬಿಳಿ ಕ್ರೆಟಾ, ಮದುಮಗನ ಹಾಗೆ ಹೊಳೆಯುತ್ತಿತ್ತು. ಮೂರನೆಯದು ದುಬೈಯಲ್ಲಿರುವ ಒಬ್ಬರ ಮನೆಯ ಶೆಡ್ಡಿನಲ್ಲಿ ಮೂರು ವರ್ಷದಿಂದ ಕದಲದೆ ನಿಂತ ಡೀಸೆಲ್ ಡಸ್ಟರ್.

ಭಾವನ ಮನೆ ಬದಿಯಡ್ಕದಿಂದ ಒಳಗೆ. ಡಾಂಬರು ಮುಗಿದ ಮೇಲೆ ಮುರಮಣ್ಣಿನ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಏರಿನಲ್ಲಿ ಚಪ್ಪಲಿಯೂ ನಿಲ್ಲುವುದಿಲ್ಲ. ಗೊಬ್ಬರ, ಹಿಂಡಿಯ ಚೀಲ ಹೇರಬೇಕು. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗಬೇಕು. ಹೊಸ ಗಾಡಿಗೆ ಸಾಲ ಮಾಡುವ ಮನಸ್ಸಿಲ್ಲ. ಹೀಗಿರುವ ಮನೆಗಳು ನಮ್ಮ ಕಡೆ ಬೇಕಾದಷ್ಟು ಉಂಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿ, ಎಷ್ಟು ಓಡಿದೆ?" ಅಂತ. ರಿಪೇರಿ ಗಾಡಿಗೆ ಆ ಪ್ರಶ್ನೆ ಆಮೇಲೆ. ಮೊದಲು ಕೇಳಬೇಕಾದದ್ದು, ಏನಾಗಿ ಕೆಟ್ಟದ್ದು? ಆ ಹಾನಿಗೆ ಎಷ್ಟು ಖರ್ಚು ಎಂದು ದುಡ್ಡು ಕೊಡುವ ಮೊದಲೇ ಚೀಟಿಯಲ್ಲಿ ಬರೆಯಲು ಆಗುತ್ತದಾ? ಆಗುವುದಾದರೆ ಮಾತಾಡಿ. ಆಗದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಅದು ಜಾಸ್ತಿಯೇ.

ಮುಳುಗಿದ ಗಾಡಿ

ಮೊದಲು ಕ್ರೆಟಾವನ್ನೇ ತೆಗೆದುಕೊಳ್ಳುತ್ತೇನೆ. ಮೂರರಲ್ಲಿ ಚಂದ ಇದ್ದದ್ದು ಅದೇ. ಸ್ಟಾರ್ಟ್ ಆಗುತ್ತಿತ್ತು, ಏಸಿ ತಣ್ಣಗೆ ಬರುತ್ತಿತ್ತು. ಸೀಟ್ ಕವರ್ ಹೊಸದು, ಮ್ಯಾಟ್ ಹೊಸದು. ಒಳಗೆ ಮಲ್ಲಿಗೆ ಪರಿಮಳದ ಡಬ್ಬಿ ಬೇರೆ. ಪರಿಮಳ ಅಷ್ಟು ಜಾಸ್ತಿ ಇದ್ದರೆ ನನಗೆ ಸಂಶಯ ಬರುತ್ತದೆ.

ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆದೆ. ನಾವು ದಿನಾ ಎಳೆಯುವಷ್ಟು ಅಲ್ಲ, ಇನ್ನು ಬರುವುದಿಲ್ಲ ಅನ್ನುವವರೆಗೆ. ಕೊನೆಯ ಒಂದು ಮೊಳ ಹೊರಗೆ ಬಂದಾಗ ಬೆಲ್ಟಿನ ಬಣ್ಣ ಬದಲಾಯಿತು. ಕಪ್ಪು ಪಟ್ಟಿಯ ಮೇಲೆ ಬೂದು ಬಣ್ಣದ ಒಂದು ಗೆರೆ, ಕಾಫಿ ಲೋಟದ ಒಳಗೆ ಕಟ್ಟುವ ಗೆರೆಯ ಹಾಗೆ. ಉಗುರಿನಿಂದ ಕೆರೆದರೆ ನುಣ್ಣನೆ ಪುಡಿ. ನಮ್ಮ ಊರಿನ ಮಣ್ಣು ಕೆಂಪು. ಇಲ್ಲಿನ ಯಾವ ಗಾಡಿಯ ಅಡಿ ನೋಡಿದರೂ ಕೆಂಪು ಧೂಳೇ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಬೆಲ್ಟಿನ ಸುರುಳಿಯ ಒಳಗೆ ಬೂದು ಬಣ್ಣದ ಹೊಳೆಮಣ್ಣು ಹೇಗೆ ಹೋಗುತ್ತದೆ, ಹೇಳಿ. ಸೀಟಿನ ಮಟ್ಟಕ್ಕೆ ನೀರು ನಿಂತಿತ್ತು ಅಂತ ಗಾಡಿಯೇ ಹೇಳಿತು. ಬ್ರೋಕರ್ ಮಾತ್ರ ಆಚೆ ಮುಖ ಮಾಡಿ ಫೋನ್ ನೋಡುತ್ತಿದ್ದ.

ನೋಡುವ ಜಾಗ ಇನ್ನೂ ಕೆಲವು ಉಂಟು. ಸ್ಟೆಪ್ನಿ ಎತ್ತಿ ಅದರ ಗುಂಡಿಯ ಮೂಲೆ ನೋಡಿ. ಸೀಟಿನ ಹಳಿಗೆ, ಹಳಿಯ ಬೋಲ್ಟಿಗೆ ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜನ್ನು ಹಿಂಡಿ. ಹೆಡ್‌ಲೈಟ್ ಒಳಗೆ ಮಂಜು ಕಟ್ಟಿದೆಯಾ ನೋಡಿ. ಫ್ಯೂಸ್ ಬಾಕ್ಸ್ ತೆರೆದು ತಾಮ್ರದ ಕಾಲುಗಳು ಹಸಿರಾಗಿವೆಯಾ ನೋಡಿ. ಆಯಿಲ್ ಕಡ್ಡಿ ಎಳೆದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. 2018ರ ಆಗಸ್ಟ್‌ನಲ್ಲಿ ಪೆರಿಯಾರ್, ಪಂಪಾ ಎಲ್ಲ ಉಕ್ಕಿ ಕೇರಳದ ಅರ್ಧಕ್ಕರ್ಧ ನೀರಲ್ಲಿ ನಿಂತದ್ದು ನೆನಪಿದೆಯಲ್ಲ? ಅದರ ಮರುವರ್ಷ ಒಂದು ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ನಾನೇ ತೆಗೆದಿದ್ದೆ. ಬೇಸಿಗೆ ಪೂರ್ತಿ ಚಿನ್ನದ ಹಾಗೆ ಓಡಿತು. ಜೂನ್‌ನಲ್ಲಿ ಮೊದಲ ಮಳೆ ಬಂತು. ಕುಂಬಳೆಯ ಹತ್ತಿರ ಹೋಗುತ್ತಿದ್ದೆ, ನಾಲ್ಕೂ ಕಿಟಕಿ ತಾವಾಗಿಯೇ ಕೆಳಗೆ ಇಳಿದವು. ಜಡಿಮಳೆ! ಸ್ವಿಚ್ ಒತ್ತಿದರೆ ವೈಪರ್ ನಿಂತಿತು. ಮುಂದಿನ ಆರು ತಿಂಗಳು ಒಂದು ವಯರ್ ಸರಿ ಮಾಡಿಸಿದರೆ ಇನ್ನೊಂದು. ಕೊನೆಗೆ ಗುಜರಿಯವನಿಗೆ ಕೊಟ್ಟೆ.

ನೀರಿನ ಗುಣವೇ ಅದು. ಎಂಜಿನ್‌ಗೆ ಹೋದ ನೀರಿಗಾದರೂ ಲೆಕ್ಕ ಉಂಟು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಯಾರಾದರೂ ಕೀ ತಿರುಗಿಸಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಚ್ಚಿದರೆ ಅದು ಕಾಣುತ್ತದೆ, ಬದಲಿಸಬಹುದು. ಲೆಕ್ಕಕ್ಕೆ ಸಿಗದಿರುವುದು ವಯರಿಂಗ್. ಈಗಿನ ಗಾಡಿಯಲ್ಲಿ ಕಿಟಕಿ, ಲಾಕ್, ಬ್ರೇಕ್, ಏರ್‌ಬ್ಯಾಗ್ ಎಲ್ಲದಕ್ಕೂ ಒಂದೊಂದು ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ನೂರಾರು ವಯರು. ಪ್ರತಿ ಕನೆಕ್ಟರಿನ ಒಳಗೂ ತುಕ್ಕು ಇರುವೆಯ ಹಾಗೆ ನಿಧಾನಕ್ಕೆ ತಿನ್ನುತ್ತದೆ. ಸ್ಕ್ಯಾನರ್ ಹಾಕಿ ನೋಡಿದರೂ ಇವತ್ತು ಏನೂ ಕಾಣದೆ ಇರಬಹುದು. ಹಿಂದಿನ ದಿನವೇ ದೋಷದ ಕೋಡ್ ಅಳಿಸಿಟ್ಟಿರುತ್ತಾರೆ. ನಮ್ಮ ಮಳೆಗಾಲ, ಕಡಲಿನ ಉಪ್ಪು ಗಾಳಿ ಎರಡೂ ಸೇರಿದರೆ ಆ ತುಕ್ಕಿಗೆ ಹಬ್ಬ.

ಟಯರ್ ಮಟ್ಟಕ್ಕಷ್ಟೇ ನೀರು ಬಂದಿದ್ದರೆ ವಿಷಯ ಬೇರೆ. ಬೇರಿಂಗ್, ಬ್ರೇಕ್, ಗೇರ್ ಆಯಿಲ್ ನೋಡಿಕೊಂಡರೆ ಸಾಕಾಗಬಹುದು. ಕಾರ್ಪೆಟ್ ದಾಟಿ ಮೇಲೆ ಬಂದದ್ದು ನನಗಂತೂ ಬೇಡವೇ ಬೇಡ. ಚೆನ್ನೈಯಲ್ಲಿ 2015ರ ಡಿಸೆಂಬರ್‌ನಲ್ಲಿ, ಮತ್ತೆ 2023ರ ಡಿಸೆಂಬರ್‌ನಲ್ಲಿ ಇಂಥದ್ದೇ ನೆರೆ ಬಂದಿತ್ತು. ನೆರೆ ಬಂದ ಊರಿನ ನಂಬರ್ ಇದ್ದರೆ ಬೆಲ್ಟ್ ಎಳೆದು ನೋಡದೆ ಬೆಲೆಯ ಮಾತೇ ಎತ್ತಬೇಡಿ.

ಗುದ್ದಿದ ಗಾಡಿ

ಸ್ಕಾರ್ಪಿಯೋ ನೋಡಿದರೆ ಕರುಣೆ ಬರುವ ಹಾಗಿತ್ತು. ಬಂಪರ್ ಇಲ್ಲ. ಬಾನೆಟ್ ಗುಡಾರದ ಹಾಗೆ ಮೇಲೆದ್ದಿತ್ತು. ಒಂದು ಹೆಡ್‌ಲೈಟ್ ಪುಡಿ. ರೇಡಿಯೇಟರ್ ಹಿಂದೆ ಬಂದು ಫ್ಯಾನಿಗೆ ತಾಗಿತ್ತು. ಭಾವ "ಇದು ಆಗಲಿಕ್ಕಿಲ್ಲ ಅಲ್ವಾ?" ಅಂದರು. ನನಗೆ ಮೂರರಲ್ಲಿ ಇಷ್ಟವಾದದ್ದು ಇದೇ. ಯಾಕೆಂದರೆ ಇನ್ನೂ ಯಾರೂ ಸುತ್ತಿಗೆ ಮುಟ್ಟಿಸಿರಲಿಲ್ಲ. ಪುಟ್ಟಿ, ಪೇಂಟ್ ಎರಡೂ ಬಿದ್ದಿರಲಿಲ್ಲ. ಅರ್ಧ ಟಿಂಕರಿಂಗ್ ಮಾಡಿದ ಗಾಡಿಗಿಂತ ಪೂರ್ತಿ ಒಡೆದ ಗಾಡಿ ಮೇಲು. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಇಲ್ಲಿ ಒಂದು ದೊಡ್ಡ ಭಾಗ ಮಾಡಿಕೊಳ್ಳಬೇಕು. ಸ್ಕಾರ್ಪಿಯೋ, ಬೊಲೆರೋ, ಫಾರ್ಚೂನರ್, ಎಂಡೆವರ್, ಹಳೆ ಸಫಾರಿ ಇವೆಲ್ಲ ಚಾಸಿಸ್ ಗಾಡಿಗಳು. ಕೆಳಗೆ ಏಣಿಯ ಹಾಗೆ ಎರಡು ಉದ್ದ ಕಬ್ಬಿಣ, ಮಧ್ಯೆ ಅಡ್ಡ ಪಟ್ಟಿ, ಅದರ ಮೇಲೆ ಬಾಡಿ ಕೂರಿಸಿ ಬೋಲ್ಟ್ ಹಾಕಿರುತ್ತಾರೆ. ಕ್ರೆಟಾ, ಡಸ್ಟರ್, ಬ್ರೆಝಾ, ಎಕೋಸ್ಪೋರ್ಟ್, ಎಕ್ಸ್‌ಯುವಿ 500 ಹಾಗಲ್ಲ. ಅವಕ್ಕೆ ಬಾಡಿಯೇ ಚಾಸಿಸ್, ತಗಡುಗಳನ್ನು ವೆಲ್ಡ್ ಮಾಡಿ ಮೊಟ್ಟೆಯ ಚಿಪ್ಪಿನ ಹಾಗೆ ಒಂದೇ ಮಾಡಿರುತ್ತಾರೆ. ಗುದ್ದಿದರೆ ಆ ಚಿಪ್ಪೇ ಮುದುಡಿ ಏಟನ್ನು ತಿನ್ನುತ್ತದೆ. ಒಳಗೆ ಕೂತವರಿಗೆ ಅದು ಒಳ್ಳೆಯದು. ಆದರೆ ಮುದುಡಿದ ಮೇಲೆ ಅಳತೆಗೆ ತರಲು ಮೆಷಿನ್ ಇರುವ ಬಾಡಿ ಶಾಪ್ ಬೇಕು. ಚಾಸಿಸ್ ಗಾಡಿಯ ಬಾನೆಟ್, ಫೆಂಡರ್, ಗ್ರಿಲ್ ಹೋದರೆ ಬಿಚ್ಚಿ ಬೇರೆ ಹಾಕಿದರಾಯಿತು. ಆದರೆ ಆ ಏಣಿಯೇ ಸೊಟ್ಟಗಾಗಿದ್ದರೆ ಕೈಮುಗಿದು ಬಂದುಬಿಡಿ. ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ಟಯರ್ ಒಂದೇ ಬದಿ ಸವೆಯುತ್ತದೆ.

ಸೊಟ್ಟ ಆಗಿದೆಯಾ ಅಂತ ನೋಡುವುದು ಹೇಗೆ? ಅಡಿಕೆ ಸಸಿ ನೆಡುವಾಗ ಹಗ್ಗ ಹಿಡಿದು ಗುಂಡಿ ಗುರುತು ಮಾಡುತ್ತೇವಲ್ಲ, ಅದೇ ಬುದ್ಧಿ. ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿದೆವು. ಚಾಸಿಸ್‌ನ ಎಡಬಲ ಎರಡೂ ಕಡೆ ಒಂದೇ ಥರದ ತೂತುಗಳು ಇರುತ್ತವೆ. ಅಂಥ ನಾಲ್ಕು ತೂತಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು, ಅದರ ಮೊನೆ ತಾಗಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಆಮೇಲೆ ಗಾಡಿಯನ್ನು ಹಿಂದೆ ತಳ್ಳಿ, ನೆಲದ ಮೇಲಿನ ಚುಕ್ಕೆಗಳ ನಡುವೆ ಕರ್ಣ ಅಳೆದೆ. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ. ಎರಡಕ್ಕೂ ಟೇಪಿನಲ್ಲಿ ಎರಡು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ. ಮುಂದಿನ ಸಸ್ಪೆನ್ಷನ್ ಕೂರುವ ಜಾಗಕ್ಕಿಂತ ಮುಂಚೆ, ಬಂಪರ್ ಸಿಕ್ಕಿಸುವ ತುದಿ ಮಾತ್ರ ಬಾಗಿತ್ತು. ಮನಸ್ಸಿಗೆ ಸಮಾಧಾನವಾಯಿತು. ಬೆರಳಿನಷ್ಟು ವ್ಯತ್ಯಾಸ ಬಂದಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆವು.

ಸರಿ ಮಾಡಿ ಪೇಂಟ್ ಹೊಡೆದು ಮಾರುವ ಗಾಡಿಯಾದರೆ ಪತ್ತೆ ಮಾಡುವ ದಾರಿ ಬೇರೆ. ಫೆಂಡರ್, ಬಾನೆಟ್‌ನ ಬೋಲ್ಟ್ ತಲೆಯ ಪೇಂಟ್ ಎದ್ದಿದೆಯಾ? ಬಾಗಿಲ ಸಂದಿ ಮೇಲೂ ಕೆಳಗೂ ಸಮ ಇದೆಯಾ? ಬಾಗಿಲಿನ ರಬ್ಬರ್ ಎಳೆದರೆ ಒಳಗೆ ವೆಲ್ಡ್ ಚುಕ್ಕೆಗಳು ಕಾಣುತ್ತವೆ. ಫ್ಯಾಕ್ಟರಿಯದ್ದಾದರೆ ಪೋಣಿಸಿದ ಹಾಗೆ ಸಾಲಾಗಿ ಇರುತ್ತವೆ. ಪುಟ್ಟಿ ದಪ್ಪ ಇದ್ದಲ್ಲಿ ಅಯಸ್ಕಾಂತ ಕಚ್ಚುವುದಿಲ್ಲ.

ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಲೆಕ್ಕ ಬೇರೆಯೇ. ಬರೀ ಬ್ಯಾಗ್ ಅಲ್ಲ. ಅದರ ಕಂಟ್ರೋಲ್ ಪೆಟ್ಟಿಗೆ, ಸೆನ್ಸರ್, ಏಟಿಗೆ ಬಿಗಿದುಕೊಂಡ ಸೀಟ್ ಬೆಲ್ಟ್, ಎಷ್ಟೋ ಸಲ ಡ್ಯಾಶ್‌ಬೋರ್ಡ್ ಕೂಡ ಹೋಗಿರುತ್ತದೆ. ಅದಕ್ಕೇ ಕೆಲವರು ಬ್ಯಾಗ್ ಹಾಕದೆ ಮೇಲಿಂದ ಮುಚ್ಚಳ ಮಾತ್ರ ಅಂಟಿಸುತ್ತಾರೆ. ಇದಂತೂ ಮಹಾಪಾಪ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ದೋಷ. ಉರಿಯದೇ ಇದ್ದರೆ ಯಾರೋ ದೀಪವನ್ನೇ ತೆಗೆದಿದ್ದಾರೆ, ಅದು ಇನ್ನೂ ಕೆಟ್ಟದ್ದು. ಹೊಸ ಗಾಡಿಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರ ಜುಲೈಯಿಂದ. ನಾವು ನೋಡಿದ ಸ್ಕಾರ್ಪಿಯೋ ಅದಕ್ಕಿಂತ ಹಳೆಯದು, ಕೆಳಗಿನ ಮಾಡೆಲ್. ಅದಕ್ಕೆ ಏರ್‌ಬ್ಯಾಗೇ ಇರಲಿಲ್ಲ. ಖರ್ಚಿನ ಮಟ್ಟಿಗೆ ಉಳಿತಾಯ, ಆದರೆ ಹೆಂಡತಿ ಮಕ್ಕಳನ್ನು ಕೂರಿಸಿ ಹೆದ್ದಾರಿಯಲ್ಲಿ ಹೋಗುವವರು ಯೋಚಿಸಬೇಕಾದ ವಿಷಯ. ಭಾವನಿಗೂ ಇದನ್ನು ಬಿಡಿಸಿ ಹೇಳಿದೆ.

ನಿಂತುಹೋದ ಗಾಡಿ

ಇದು ನಮ್ಮ ಕಾಸರಗೋಡಿನ ಸ್ಪೆಷಲ್. ಗಲ್ಫಿನಲ್ಲಿರುವವರು ರಜೆಯಲ್ಲಿ ಬಂದಾಗ ತೆಗೆದ ಗಾಡಿ, ಹೋದ ಮೇಲೆ ಶೆಡ್ಡಿನಲ್ಲಿ. ಕಿಲೋಮೀಟರ್ ಕಡಿಮೆ, ಬಾಡಿ ಕನ್ನಡಿಯ ಹಾಗೆ. ಡಸ್ಟರ್ ನೋಡಿದಾಗ ಭಾವನ ಕಣ್ಣು ಅದರ ಮೇಲೇ ನಿಂತಿತು.

ಮನೆಯವರು ಹೇಳಿದ್ದು: "ಓಡುತ್ತಾ ಇದ್ದದ್ದು ಟಕ್ ಅಂತ ನಿಂತಿತು. ಆಮೇಲೆ ಸ್ಟಾರ್ಟ್ ಆಗಲಿಲ್ಲ." ಆ 'ಟಕ್'ನಲ್ಲೇ ಕಥೆ ಉಂಟು. ಡಸ್ಟರಿನ 1.5 ಲೀಟರ್ ಡೀಸೆಲ್ ಎಂಜಿನ್‌ಗೆ ಪಿಸ್ಟನ್, ವಾಲ್ವ್ ಎರಡನ್ನೂ ಹೊಂದಿಕೆಯಲ್ಲಿ ಓಡಿಸಲು ಟೈಮಿಂಗ್ ಬೆಲ್ಟ್ ಇರುವುದು, ಚೈನ್ ಅಲ್ಲ. ಬೆಲ್ಟ್ ರಬ್ಬರಿನದ್ದು. ಗಾಡಿ ಓಡದಿದ್ದರೂ ವರ್ಷದ ಲೆಕ್ಕದಲ್ಲಿ ಬದಲಿಸಬೇಕು. ಓಡುವಾಗ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ವಾಲ್ವ್ ಮಾತ್ರ ಬಾಗಿದ್ದರೆ ಹೆಡ್, ಅಂದರೆ ಎಂಜಿನ್‌ನ ಮೇಲಿನ ಭಾಗದ ಕೆಲಸದಲ್ಲಿ ಮುಗಿಯುತ್ತದೆ. ಪಿಸ್ಟನ್ ಒಡೆದಿದ್ದರೆ, ಸಿಲಿಂಡರಿನ ಒಳಗೋಡೆಗೆ ಗೀರು ಬಿದ್ದಿದ್ದರೆ ಪೂರ್ತಿ ಎಂಜಿನ್ ಕೆಲಸ. ಹೆಡ್ ಎತ್ತದೆ ಇದನ್ನು ಖಂಡಿತವಾಗಿ ಹೇಳುವುದು ಮೇಸ್ತ್ರಿಗೂ ಕಷ್ಟ.

ಎಂಜಿನ್ ಜೊತೆಗೆ ನಿಂತದ್ದರ ಕಾಯಿಲೆಗಳೂ ಇರುತ್ತವೆ. ಇಲಿ ವಯರ್ ಕಡಿದಿರುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ಪಾಚಿಯ ಹಾಗೆ ಕೆಸರು ಕಟ್ಟಿರುತ್ತದೆ, ಅದು ಇಂಜೆಕ್ಟರಿಗೆ ಹೋದರೆ ದೊಡ್ಡ ಖರ್ಚು. ಬ್ರೇಕ್ ಹಿಡಿದುಕೊಂಡಿರುತ್ತದೆ. ಟಯರಿನ ಗ್ರಿಪ್ ಸವೆಯದೆ ಇದ್ದರೂ ಅದಕ್ಕೆ ವಯಸ್ಸಾಗಿರುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2317 ಅಂತ ಇದ್ದರೆ 2017ರ 23ನೇ ವಾರದ್ದು. ಮನೆ ಕಡಲ ಬದಿಯಲ್ಲಾದರೆ ಗಾಡಿಯ ಬಾಗಿಲ ಕೆಳಗೆ, ಮೆಟ್ಟಿಲ ಒಳಗೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಶೆಡ್ಡಿನ ಮಾಡು ಮಳೆ ತಡೆಯುತ್ತದೆ, ಉಪ್ಪು ಗಾಳಿ ತಡೆಯುವುದಿಲ್ಲ.

ನಾವು ಕೇಳಿದ್ದು ಇಷ್ಟೇ. ನಮ್ಮ ಖರ್ಚಿನಲ್ಲಿ ಹೆಡ್ ಎತ್ತಿ ನೋಡುತ್ತೇವೆ, ಆಮೇಲೆ ಬೆಲೆ ಮಾತಾಡುವ. ದುಬೈಯಿಂದ ಉತ್ತರ ಬಂತು, ಮೊದಲು ದುಡ್ಡು, ಆಮೇಲೆ ಏನು ಬೇಕಾದರೂ ಬಿಚ್ಚಿ. ಅವರದ್ದೂ ತಪ್ಪಲ್ಲ, ಬಿಚ್ಚಿ ಬಿಟ್ಟುಹೋದರೆ ಅವರು ಏನು ಮಾಡುವುದು? ಆದರೆ ಆಗ ಒಂದೇ ದಾರಿ. ಎಂಜಿನ್ ಪೂರ್ತಿ ಹೋಗಿದೆ ಅಂತ ಲೆಕ್ಕ ಹಾಕಿ ಬೆಲೆ ಹೇಳುವುದು. ಹೇಳಿದೆವು. ಅವರು ನಕ್ಕರು.

ಎಂಜಿನ್ ಸರಿ ಮಾಡಿಸುವುದಾ, ಗುಜರಿಯಿಂದ ಬೇರೆ ಎಂಜಿನ್ ತಂದು ಹಾಕುವುದಾ ಅಂತ ಕೆಲವರು ಕೇಳುತ್ತಾರೆ. ಬೇರೆ ಎಂಜಿನ್ ಬೇಗ ಆಗುತ್ತದೆ, ಎಷ್ಟೋ ಸಲ ಅಗ್ಗವೂ ಹೌದು. ಆದರೆ ಎಂಜಿನ್ ನಂಬರ್ ಬದಲಾಗುತ್ತದೆ, ಅದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಹತ್ತಿಸಬೇಕು. ಆ ಎಂಜಿನ್ ಎಲ್ಲಿಂದ ಬಂತು ಎಂಬುದಕ್ಕೆ ಬಿಲ್ಲು, ಕಾಗದ ಬೇಕು. ಕಾಗದ ಇಲ್ಲದ ಎಂಜಿನ್ ಕದ್ದ ಗಾಡಿಯದ್ದಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಸುಟ್ಟ ಗಾಡಿಯ ಬಗ್ಗೆ ಬರೆಯಲು ಏನೂ ಇಲ್ಲ. ಬೇಡ.

ಲೆಕ್ಕ

ನನ್ನ ಲೆಕ್ಕ ಹೀಗೆ. ಅದೇ ವರ್ಷದ, ಅದೇ ಮಾಡೆಲಿನ ಸರಿ ಇರುವ ಗಾಡಿಗೆ 6 ಲಕ್ಷ ಅಂತ ಇಟ್ಟುಕೊಳ್ಳಿ. ಎಲ್ಲ ಮುಗಿದು ಗಾಡಿ ಮನೆ ಅಂಗಳಕ್ಕೆ ಬರುವಾಗ 4.5 ಲಕ್ಷ ದಾಟಬಾರದು. ದಾಟಿದರೆ ಸರಿ ಇರುವುದನ್ನೇ ತೆಗೆಯಬಹುದಿತ್ತಲ್ಲ, ಇಷ್ಟು ಓಡಾಟ ಯಾಕೆ? ರಿಪೇರಿಗೆ 1.5 ಲಕ್ಷ ಅಂತ ಮೇಸ್ತ್ರಿ ಹೇಳಿದರೆ ಅದರ ಮೇಲೆ ಮೂರನೇ ಒಂದು ಪಾಲು, ಅಂದರೆ 50 ಸಾವಿರ, ಕಾಣದ ಖರ್ಚಿಗೆ ಸೇರಿಸಿ. ಎಳೆದು ತರುವ ಲಾರಿ, ಕಾಗದ, ವಿಮೆಗೆ 25 ಸಾವಿರ. ಉಳಿದದ್ದು 2.25 ಲಕ್ಷ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಇಲ್ಲಿ ಇನ್ನೊಂದು ಗುಟ್ಟು. ರಿಪೇರಿ ಖರ್ಚು ಐಡಿವಿಯ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, 75% ದಾಟಿದರೆ ವಿಮೆಯವರು ಗಾಡಿಯನ್ನು ಟೋಟಲ್ ಲಾಸ್, ಪೂರ್ತಿ ನಷ್ಟ ಅಂತ ಬರೆಯುತ್ತಾರೆ. ಆ ಖರ್ಚು ಶೋರೂಮ್ ಲೆಕ್ಕದ್ದು, ಎಲ್ಲ ಹೊಸ ಸಾಮಾನು. ಐದನೇ ವರ್ಷದ ಗಾಡಿಯ ಐಡಿವಿ ಹೊಸದರ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಮುಂದಿನ ಭಾಗ ಮಾತ್ರ ಹೋದ ಗಾಡಿಯೂ ಟೋಟಲ್ ಲಾಸ್ ಪಟ್ಟಿಗೆ ಬೀಳಬಹುದು. ಊರಿನ ವರ್ಕ್‌ಶಾಪಿನಲ್ಲಿ ಹಳೆ ಫೆಂಡರ್, ಹಳೆ ಬಾನೆಟ್ ಹಾಕಿ ಅರ್ಧಕ್ಕೆ ಮುಗಿಸುತ್ತಾರೆ. ಈ ವ್ಯಾಪಾರ ನಡೆಯುವುದೇ ಆ ಸಂದಿಯಲ್ಲಿ. ಆದರೆ ಅಂಥ ಗಾಡಿಯ ಆರ್‌ಸಿ ರದ್ದಾಗಿದೆಯಾ ಅಂತ ಮೊದಲು ನೋಡಿ. ರದ್ದಾಗಿದ್ದರೆ ಅದು ರಸ್ತೆಗೆ ಬರುವ ಗಾಡಿಯಲ್ಲ, ಸಾಮಾನು ಬಿಚ್ಚಲಿಕ್ಕೆ ಮಾತ್ರ.

ಯಾವ ಮಾಡೆಲ್ ಎಂಬ ಪ್ರಶ್ನೆ ಬರುವುದು ಈಗ. ಬೊಲೆರೋ, ಸ್ಕಾರ್ಪಿಯೋ ಸಾಮಾನು ಪೆರ್ಲದಲ್ಲಿ ಸಿಗದಿದ್ದರೆ ಪುತ್ತೂರಿನಲ್ಲಿ, ಅಲ್ಲೂ ಇಲ್ಲದಿದ್ದರೆ ಮಂಗಳೂರಿನಲ್ಲಿ ಸಿಗುತ್ತದೆ. ಹಳೆ ಸ್ಕಾರ್ಪಿಯೋವನ್ನು 2022ರಿಂದ ಕ್ಲಾಸಿಕ್ ಎಂಬ ಹೆಸರಲ್ಲಿ ಮಾರುತ್ತಿದ್ದಾರೆ, ಬಾಡಿ ಸಾಮಾನಿಗೆ ತೊಂದರೆ ಇಲ್ಲ. ಹಳೆ ಡಸ್ಟರ್ 2022ರಲ್ಲಿ ನಿಂತರೂ ಅದೇ ಡೀಸೆಲ್ ಎಂಜಿನ್ ನಿಸಾನ್ ಟೆರಾನೋ, ಸನ್ನಿಯಲ್ಲೂ ಇದ್ದದ್ದರಿಂದ ಎಂಜಿನ್ ಸಾಮಾನು ಸಿಗುತ್ತದೆ. ಹೆಡ್‌ಲೈಟ್, ಬಂಪರ್‌ಗೆ ಸ್ವಲ್ಪ ಹುಡುಕಬೇಕು. ಫೋರ್ಡ್ ಇಲ್ಲಿ ಗಾಡಿ ಮಾಡುವುದನ್ನು ನಿಲ್ಲಿಸುತ್ತೇನೆಂದು ಹೇಳಿದ್ದು 2021ರಲ್ಲಿ. ಷೆವ್ರೊಲೆ ಮಾರಾಟ ನಿಂತದ್ದು 2017ರಲ್ಲಿ. ಅಂಥವು ಅಗ್ಗಕ್ಕೆ ಸಿಗುತ್ತವೆ, ಆದರೆ ಒಂದು ಗ್ಲಾಸಿಗಾಗಿ ತಿಂಗಳು ಕಾಯುವ ತಾಳ್ಮೆ ಬೇಕು. 2020ರ ಏಪ್ರಿಲ್ ನಂತರದ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಫಿಲ್ಟರ್, ಸೆನ್ಸರ್‌ಗಳು ಜಾಸ್ತಿ. ಊರಿನ ಮೇಸ್ತ್ರಿಯ ಕೈಯಲ್ಲಿ ರಿಪೇರಿ ಮಾಡಿಸುವವರಿಗೆ ಅದಕ್ಕಿಂತ ಹಿಂದಿನ ಬಿಎಸ್4 ಸಲೀಸು.

ಕಾಗದ

ಕಾಸರಗೋಡಿನ ಕೆಎಲ್-14 ಅಥವಾ ಕಾಞಂಗಾಡಿನ ಕೆಎಲ್-60 ಆದರೆ ಸುಲಭ. ಹೆಸರು ಬದಲಿಸಲು ಫಾರ್ಮ್ 29, 30, ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35. ಕೆಎ-19 ಮಂಗಳೂರು, ಕೆಎ-21 ಪುತ್ತೂರಿನ ಗಾಡಿಯಾದರೆ ಅಲ್ಲಿಂದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ತಲಪಾಡಿ ದಾಟಿದರೆ ಸಾಕಲ್ಲ ಅಂತ ನಮಗೆ ಕಾಣುತ್ತದೆ, ಕಾನೂನಿಗೆ ಅದು ಬೇರೆ ರಾಜ್ಯ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟರೆ ಇಲ್ಲಿನ ನಂಬರ್ ಮಾಡಿಸಬೇಕು, ಕೇರಳದ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲನ್ನು ಅಲ್ಲಿ ಅರ್ಜಿ ಹಾಕಿ ಕೇಳಬೇಕು. ಹೊಸ ನಂಬರಿಗೆ ಗಾಡಿಯನ್ನು ಆರ್‌ಟಿಒಗೆ ತೋರಿಸಲೇಬೇಕು. ಒಡೆದ ಗಾಡಿಯನ್ನು ತೋರಿಸುವುದು ಹೇಗೆ? ರಿಪೇರಿ ಮುಗಿಯುವವರೆಗೆ ಕಾಗದ ಹಳೆ ಯಜಮಾನನ ಹೆಸರಲ್ಲೇ ಇರುತ್ತದೆ. ಅವನು ಫೋನ್ ಎತ್ತುವ ಜನವಾ ಅಂತ ನೋಡಿಕೊಳ್ಳಿ. ದೆಹಲಿ ನಂಬರಿನ ಹತ್ತು ವರ್ಷ ಆದ ಡೀಸೆಲ್ ಗಾಡಿಗಳೂ ಅಗ್ಗಕ್ಕೆ ಬರುತ್ತವೆ, ತೆರಿಗೆ ಸೇರಿಸಿ ನೋಡಿದರೆ ಆ ಅಗ್ಗ ಕರಗುತ್ತದೆ.

ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಸಾಲ, ವಿಮೆ, ಬ್ಲ್ಯಾಕ್‌ಲಿಸ್ಟ್, ಚಲನ್ ನೋಡಿ. ಚಾಸಿಸ್ ನಂಬರನ್ನು ಗಾಡಿಯ ಕಬ್ಬಿಣದ ಮೇಲೆಯೇ ಓದಿ. ಅಕ್ಷರಗಳ ಸುತ್ತ ಗ್ರೈಂಡರ್ ಗುರುತು ಕಂಡರೆ ಕಾಫಿಯನ್ನೂ ಕುಡಿಯದೆ ಹೊರಡಿ. ಅಪಘಾತದ ಗಾಡಿಯಾದರೆ ಪೊಲೀಸ್ ಠಾಣೆಯ ಜಿಡಿ ಎಂಟ್ರಿ, ಅಂದರೆ ಅಲ್ಲಿನ ದಿನಚರಿಯಲ್ಲಿ ಬರೆದದ್ದರ ಪ್ರತಿ ಕೇಳಿ. ಮಲಯಾಳ ಓದಲು ಬರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಗುದ್ದಿದ್ದು ಯಾವುದಕ್ಕೆ, ಯಾರಿಗಾದರೂ ಏಟಾಗಿದೆಯಾ, ಕೇಸ್ ಉಂಟಾ ಅಂತ ಗೊತ್ತಾಗುತ್ತದೆ. ಗಾಡಿ ನಿಮಗೆ ವರ್ಗ ಆದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಲು ಅರ್ಜಿ ಕೊಡಿ. ಹಳೆಯವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಕ್ಕ ರಿಯಾಯಿತಿ, ನಿಮಗೆ ಬರುವುದಿಲ್ಲ.

ಭಾವ ಸ್ಕಾರ್ಪಿಯೋ ತೆಗೆದರು. ಚೀಟಿಯಲ್ಲಿ ಹದಿನೇಳು ಐಟಂ ಬರೆದಿದ್ದೆವು, ಕೆಲಸ ಮುಗಿಯುವಾಗ ಇಪ್ಪತ್ತೊಂದು ಆಯಿತು. ಇಂಟರ್‌ಕೂಲರಿನ ಪೈಪು, ಏಸಿ ಕಂಡೆನ್ಸರ್, ಒಂದು ಎಂಜಿನ್ ಮೌಂಟಿಂಗ್, ಹಾರ್ನ್. ಸೇರಿಸಿಟ್ಟ ಮೂರನೇ ಒಂದು ಪಾಲಿನ ಒಳಗೇ ಮುಗಿಯಿತು. ನಾನಾಗಿದ್ದರೆ ಡಸ್ಟರಿಗೆ ಇನ್ನೂ ಎರಡು ತಿಂಗಳು ಕಾಯುತ್ತಿದ್ದೆ. ನನ್ನ ಮನೆ ಇರುವುದು ಟಾರು ರಸ್ತೆಯ ಬದಿಯಲ್ಲಿ, ಚೀಲ ಹೇರುವುದೂ ಇಲ್ಲ. ಭಾವನ ಏರಿಗೆ ಚೀಲ ತುಂಬಿದಾಗ ಹಿಂದಿನ ಚಕ್ರ ನೂಕುವ ಗಾಡಿಯೇ ಬೇಕು. ಬಾನೆಟ್ ಗುಜರಿಯದ್ದು, ಬಣ್ಣ ಬಿಸಿಲಲ್ಲಿ ಸ್ವಲ್ಪ ಬೇರೆ ಕಾಣುತ್ತದೆ. ಮಾರುವಾಗ ಬಂದವನಿಗೆ ಅದನ್ನೇ ಮೊದಲು ತೋರಿಸುತ್ತೇನೆ ಅನ್ನುತ್ತಾರೆ ಭಾವ.